ಕಣದಿಂದ ಇಳಿದ ಮೇಲೆ

ಉಮರಗಾ, ನಿಲಂಗಾ, ಉದಗೀರ ಕಡೆಯ ನಾವು ಗಡಿಯ ಜನ. ಮನೆಯೊಳಗೆ ಕನ್ನಡ, ಪೇಟೆಯಲ್ಲಿ ಮರಾಠಿ. ಜಾತ್ರೆಯಲ್ಲಿ ಮಾತ್ರ ಎಲ್ಲರ ಕಣ್ಣೂ ಕುಸ್ತಿಯ ಕಣದ ಮೇಲೆ. ಗೆದ್ದ ಪೈಲ್ವಾನನಿಗೆ ಪಟಕಾ ಸುತ್ತಿ, ಹೆಗಲ ಮೇಲೆ ಹೊತ್ತು ಕುಣಿಯುತ್ತೇವೆ. ಮರುವರ್ಷ ಬೇರೊಬ್ಬ ಗೆದ್ದರೆ ಹೆಗಲು ಅವನಿಗೆ. ಮೊದಲಿನವನು ಏನಾದನೆಂದು ಯಾರೂ ಕೇಳುವುದಿಲ್ಲ.

ನಾವಿಬ್ಬರೂ, ಗಂಡ ಹೆಂಡತಿ, ಒಂದೇ ವರ್ಷ ಶಾಲೆಯ ನೌಕರಿಯಿಂದ ನಿವೃತ್ತರಾದಾಗ ಈ ಪ್ರಶ್ನೆ ನಮ್ಮ ಮನೆಗೇ ಬಂತು. ಬೀಳ್ಕೊಡುಗೆಯ ಶಾಲು ಪೆಟ್ಟಿಗೆ ಸೇರಿತು. ಬೆಳಿಗ್ಗೆ ಹತ್ತಾದರೆ ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಸಣ್ಣ ಮಾತಿಗೂ ಜಗಳವಾಡಿದೆವು. ‘ನಮ್ಮದು ಮುಗಿಯಿತು’ ಎಂಬ ಮಾತು ಊಟಕ್ಕೆ ಕುಳಿತಾಗಲೂ ಬರುತ್ತಿತ್ತು.

ಆಗ ನೆನಪಾದವರು ನಿಲಂಗಾ ತಾಲ್ಲೂಕಿನ ರಾಮಲಿಂಗ ಮುದಗಡ ಗ್ರಾಮದ ಹರಿಶ್ಚಂದ್ರ ಬಿರಾಜದಾರ. 1969ರಲ್ಲಿ ಅವರು ಮಹಾರಾಷ್ಟ್ರ ಕೇಸರಿಯಾದರು. ಮರುವರ್ಷ, 1970ರಲ್ಲಿ, ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದಲ್ಲಿ ನಡೆದ ಕಾಮನ್‌ವೆಲ್ತ್ ಕ್ರೀಡಾಕೂಟದ ಕುಸ್ತಿಯಲ್ಲಿ ಚಿನ್ನದ ಪದಕ ತಂದರು. ನಮ್ಮ ಜೋಳದ ಸೀಮೆಯ ಹುಡುಗನಿಗೆ ಇದೇನು ಸಣ್ಣ ಮಾತೇ?

ಆದರೆ ನಮಗೆ ದೊಡ್ಡದಾಗಿ ಕಂಡದ್ದು ಆಮೇಲಿನ ಬದುಕು. ತಾವು ಆಡುವುದು ನಿಂತ ಮೇಲೂ ಅವರು ಗರಡಿಯ ಮಣ್ಣು ಬಿಡಲಿಲ್ಲ. ಪುಣೆಯ ಗೋಕುಲ ವಸ್ತಾದ ತಾಲೀಮಿನಲ್ಲಿ ಗುರುವಾಗಿ ಹುಡುಗರಿಗೆ ಪಟ್ಟು ಕಲಿಸಿದರು. ಕೇಂದ್ರ ಸರ್ಕಾರ 2006ರಲ್ಲಿ ಅವರಿಗೆ ಧ್ಯಾನಚಂದ್ ಪ್ರಶಸ್ತಿ ನೀಡಿತು. ಆಡುವಾಗಿನ ಸಾಧನೆಯ ಜೊತೆಗೆ ನಿವೃತ್ತಿಯ ನಂತರದ ಸೇವೆಯನ್ನೂ ನೋಡಿ ಕೊಡುತ್ತಿದ್ದ ಪ್ರಶಸ್ತಿ ಅದು.

ಅವರು ತಿದ್ದಿದ ಹುಡುಗರಲ್ಲಿ ಬೀಡ ಜಿಲ್ಲೆಯ ರಾಹುಲ್ ಆವಾರೆ ಒಬ್ಬ. ಗುರು ತೀರಿಕೊಂಡ ಮೇಲೆ ಲಾತೂರು ಜಿಲ್ಲೆಯವರೇ ಆದ ಕಾಕಾ ಪವಾರ್ ಅವನ ಕೈ ಹಿಡಿದರು. 2018ರಲ್ಲಿ ಆಸ್ಟ್ರೇಲಿಯಾದ ಗೋಲ್ಡ್ ಕೋಸ್ಟ್‌ನಲ್ಲಿ, 57 ಕಿಲೋ ವಿಭಾಗದಲ್ಲಿ, ರಾಹುಲ್ ಕಾಮನ್‌ವೆಲ್ತ್ ಚಿನ್ನ ಗೆದ್ದ. ಗೆದ್ದು ಅದನ್ನು ಬಿರಾಜದಾರ ಗುರುಗಳಿಗೆ ಅರ್ಪಿಸಿದ. ಗುರುವಿನ ಚಿನ್ನಕ್ಕೂ ಶಿಷ್ಯನ ಚಿನ್ನಕ್ಕೂ ನಡುವೆ 48 ವರ್ಷ. ನೋಡಲು ಗುರು ಇರಲಿಲ್ಲ. ಆದರೂ ಅವರು ಬಿತ್ತಿದ ಬೀಜವೇ ಅದು.

ಸಂತ ಪೌಲರು ಕೊರಿಂಥದವರಿಗೆ ಬರೆಯುವಾಗ ಕ್ರೀಡಾಪಟುಗಳ ಬಾಡುವ ಕಿರೀಟವನ್ನೂ ಬಾಡದ ಕಿರೀಟವನ್ನೂ ನೆನೆಯುತ್ತಾರೆ. ಎಷ್ಟೋ ಬಾರಿ ಪೂಜೆಯಲ್ಲಿ ಕೇಳಿದ್ದೆವು. ಅರ್ಥ ತಿಳಿದದ್ದು ಶಾಲು ಪೆಟ್ಟಿಗೆ ಸೇರಿದ ಮೇಲೆ.

ಈಗ ಸಂಜೆ ನಮ್ಮ ಮನೆಯ ಕಟ್ಟೆಯ ಮೇಲೆ ಏಳೆಂಟು ಮಕ್ಕಳು ಕೂರುತ್ತಾರೆ. ಮರಾಠಿ ಶಾಲೆಯ ಮಕ್ಕಳು. ಮನೆಯಲ್ಲಿ ಕನ್ನಡ ಆಡುತ್ತಾರೆ, ಓದಲು ಬಾರದು. ಒಬ್ಬರು ಲೆಕ್ಕ ಹೇಳಿಕೊಡುತ್ತೇವೆ, ಇನ್ನೊಬ್ಬರು ಅಆಇಈ ತಿದ್ದಿಸುತ್ತೇವೆ. ಮೊನ್ನೆ ಒಬ್ಬ ಹುಡುಗ, ಕಣ್ಣು ಮಂಜಾದ ತನ್ನ ಅಜ್ಜಿಗೆ ಅವಳ ಹಳೆಯ ಕನ್ನಡ ಪ್ರಾರ್ಥನಾ ಪುಸ್ತಕವನ್ನು ತಡವರಿಸುತ್ತಲೇ ಓದಿ ಹೇಳಿದನಂತೆ. ಅಜ್ಜಿ ನಮಗೆ ಎರಡು ರೊಟ್ಟಿ ಕಳುಹಿಸಿದ್ದಳು.

ನಿವೃತ್ತರಾದ ಬಂಧುಗಳೇ, ನಿಮ್ಮ ಕೈಯಲ್ಲೂ ಒಂದು ವಿದ್ಯೆ ಇದ್ದೇ ಇರುತ್ತದೆ. ಅದನ್ನು ಶಾಲಿನ ಜೊತೆ ಮಡಿಸಿ ಇಡಬೇಡಿ.