ಕನ್‌ಸ್ಟ್ರಕ್ಟರ್ ಕೇಳಿದ್ದೆಲ್ಲ ಕೊಡಬೇಕಾ?

ನಮ್ಮ ಟೀಮಿನ ಒಂದು ಕ್ಲಾಸಿನ ಕನ್‌ಸ್ಟ್ರಕ್ಟರ್‌ಗೆ ಹನ್ನೊಂದು ಆರ್ಗ್ಯುಮೆಂಟು. ಮದುವೆ ಮನೆ ದಿನಸಿ ಪಟ್ಟಿ ಥರ. ಹೊಸದಾಗಿ ಸೇರಿದ ಹುಡುಗಿ, "ಎಲ್ಲಾನೂ ಫೀಲ್ಡ್ ಮಾಡಿ ಮೇಲೊಂದು ಆಟೋವೈರ್ಡ್ ಹಾಕಿಬಿಟ್ರೆ ಕ್ಲೀನಾಗಿರತ್ತಲ್ವಾ?" ಅಂದಳು. ಕಾಣೋಕೆ ಕ್ಲೀನೇ. ಮಂಚದ ಕೆಳಗೆ ಬಟ್ಟೆ ತುರುಕಿದ ರೂಮೂ ಹಾಗೇ ಕಾಣತ್ತೆ.

ಡಿಪೆಂಡೆನ್ಸಿ ಇಂಜೆಕ್ಷನ್ ಅನ್ನೋ ಹೆಸರು ಮಾರ್ಟಿನ್ ಫೌಲರ್ 2004ರಲ್ಲಿ ಬರೆದ ಲೇಖನದಿಂದ ಚಾಲ್ತಿಗೆ ಬಂತು. ಹೆಸರು ದೊಡ್ಡದು, ವಿಷಯ ಸಣ್ಣದು: ಕ್ಲಾಸು ತನಗೆ ಬೇಕಾದ್ದನ್ನು ತಾನೇ ಹುಟ್ಟಿಸಿಕೊಳ್ಳಲ್ಲ, ಹೊರಗಿನವರು ಕೊಡ್ತಾರೆ. ಕನ್‌ಸ್ಟ್ರಕ್ಟರ್ ಮೂಲಕ ಕೊಟ್ಟರೆ ಬೇಕಾದ್ದೆಲ್ಲ ಬಾಗಿಲಲ್ಲೇ ಗೊತ್ತಾಗತ್ತೆ. ಟೆಸ್ಟಿನಲ್ಲಿ ಅಸಲಿ ಬದಲು ನಕಲಿ ಕೊಡಬಹುದು.

ಇದು ಬರೀ ಶಿಸ್ತಿನ ಮಾತಲ್ಲ. ನಾನು ಹಿಂದೆ ಇದ್ದ ಕಂಪನಿಯಲ್ಲಿ ಎಸ್ಸೆಮ್ಮೆಸ್ ಕ್ಲೈಂಟನ್ನು ಕ್ಲಾಸಿನ ಒಳಗೇ 'ನ್ಯೂ' ಮಾಡಿಟ್ಟಿದ್ದರು. ಹೊರಗಿಂದ ನೋಡಿದ್ರೆ ಸುಳಿವೇ ಇಲ್ಲ. ಒಂದು ಸಂಜೆ ಟೆಸ್ಟ್ ಓಡಿತು, "ನಿಮ್ಮ ಕಂತು ಬಾಕಿ ಇದೆ" ಅಂತ ನಿಜವಾದ ಗ್ರಾಹಕರಿಗೇ ಮೆಸೇಜ್ ಹೋಯ್ತು. ಕಂತು ಕಟ್ಟಿ ಮುಗಿಸಿದ್ದ ಒಬ್ಬರು ಫೋನ್ ಮಾಡಿ ಅತ್ತರಂತೆ. ಆ ಕರೆ ತೆಗೊಂಡಿದ್ದು ಸಪೋರ್ಟಿನ ಹುಡುಗ, ಕೋಡ್ ಬರೆದವರಲ್ಲ.

ಹಾಗಂತ ಹನ್ನೊಂದನ್ನೂ ಸಮರ್ಥಿಸಲ್ಲ. ಅದರಲ್ಲಿ ಮೂರು ಸಾಲದ ನಂಬರ್, ಮೊತ್ತ, ದಿನಾಂಕ. ಕಂಟೇನರ್‌ಗೆ ಡೇಟಾಬೇಸ್ ಎಲ್ಲಿದೆ ಗೊತ್ತು, ಯಾರ ಸಾಲ ಅಂತ ಅದಕ್ಕೆ ಹೇಗೆ ಗೊತ್ತಾಗಬೇಕು? ಆ್ಯಪ್ ಏಳುವಾಗ ಗೊತ್ತಿರೋದು ಬೇರೆ, ರಿಕ್ವೆಸ್ಟ್ ಬಂದಾಗ ಗೊತ್ತಾಗೋದು ಬೇರೆ. ಎರಡನೇ ಥರದ್ದು ಮೆಥಡ್‌ಗೆ ಹೋಗಲಿ. ಆಬ್ಜೆಕ್ಟಿನೊಳಗೇ ಇರಬೇಕು ಅಂದ್ರೆ ಮಧ್ಯೆ ಒಂದು ಫ್ಯಾಕ್ಟರಿ ಇಡಿ: ಸರ್ವಿಸ್‌ಗಳನ್ನು ಕಂಟೇನರ್ ಫ್ಯಾಕ್ಟರಿಗೆ ಕೊಡತ್ತೆ, ಸಾಲದ ವಿವರ ನೀವು ಕೊಡ್ತೀರಿ. ಗೂಗಲ್‌ನ ಗೈಸ್‌ನಲ್ಲಿ ಇದಕ್ಕೇ ಅಂತ ಅಸಿಸ್ಟೆಡ್ ಇಂಜೆಕ್ಟ್ ಇದೆ. ಸ್ಪ್ರಿಂಗ್‌ನ ಗೆಟ್‌ಬೀನ್‌ಗೂ ಆರ್ಗ್ಯುಮೆಂಟ್ ಕೊಡಬಹುದು, ಆದ್ರೆ ಕೋಡ್ ತುಂಬ ಕಂಟೇನರ್ ಹೆಸರು ಓಡಾಡೋದು ನನಗೆ ಸೇರಲ್ಲ.

ಉಳಿದ ಎಂಟು? ಬಡ್ಡಿ ಲೆಕ್ಕ, ಮೆಸೇಜು, ಪಿಡಿಎಫ್ ಮೂರನ್ನೂ ಒಂದೇ ಕ್ಲಾಸು ಹೊತ್ತಿತ್ತು. ಆಟೋವೈರ್ಡ್ ಹಾಕಿದ್ರೆ ಎಂಟು ಎಂಟಾಗೇ ಇರತ್ತೆ, ಕಣ್ಣಿಗೆ ಚುಚ್ಚಲ್ಲ ಅಷ್ಟೆ. ಸ್ಪ್ರಿಂಗ್ 4.3ರಿಂದ ಒಂದೇ ಕನ್‌ಸ್ಟ್ರಕ್ಟರ್ ಇದ್ದರೆ ಆ ಆಟೋವೈರ್ಡೂ ಬೇಡ, ಹಾಗಾಗಿ ಟೈಪ್ ಮಾಡೋಕೆ ಬೇಜಾರು ಅನ್ನೋ ನೆಪವೂ ಹೋಯ್ತು.

ಬಡ್ಡಿ ಲೆಕ್ಕವನ್ನು ಅವಳೇ ಬೇರೆ ಕ್ಲಾಸ್ ಮಾಡಿದಳು, ಎರಡೇ ಆರ್ಗ್ಯುಮೆಂಟು. ಈಗ ಅದರ ಟೆಸ್ಟ್ ಓಡಿದ್ರೆ ಯಾರ ಫೋನೂ ಸದ್ದು ಮಾಡಲ್ಲ. ಪಿಡಿಎಫ್ ತಂಟೆಗೆ ಮಾತ್ರ ಇನ್ನೂ ಯಾರೂ ಹೋಗಿಲ್ಲ.