ದೊಡ್ಡ ಕುರುಡಿಯನ್ನು ನೀರಿಗೇ ಬಿಡಿ

ಕಾಸರಕೋಡ, ಹೊನ್ನಾವರ ತಾಲೂಕು



ನಿಮ್ಮ ಪತ್ರ ಕೈಸೇರಿತು. ಅಮೆರಿಕದ ಕೆರೆ, ತೊರೆಗಳಲ್ಲಿ ಫ್ಲೈ ಕೋಲು ಹಿಡಿದು ಬಾಸ್ ಮೀನು ಹಿಡಿಯುವ ರುಚಿ ಹತ್ತಿದೆ, ಡಿಸೆಂಬರಿನಲ್ಲಿ ಊರಿಗೆ ಬರುವಾಗ ಕೋಲನ್ನೂ ತರಲೇ ಎಂದು ಕೇಳಿದ್ದೀರಿ. ನಮ್ಮ ಕೆರೆಗಳಿಗೂ ಆ ಬಾಸ್ ಮರಿಗಳನ್ನು ಬಿಟ್ಟರೆ ಹೇಗೆ ಎಂದೂ ಕೇಳಿದ್ದೀರಿ. ಕೋಲನ್ನು ಖಂಡಿತ ತನ್ನಿ. ಮರಿಗಳನ್ನು ಬಿಡುವ ಯೋಚನೆ ಮಾತ್ರ ಬೇಡ. ಎರಡಕ್ಕೂ ಕಾರಣ ಒಂದೇ: ನಮ್ಮ ನೀರಿನಲ್ಲೇ ಬೇಟೆಯ ಮೀನಿದೆ, ಶರಾವತಿಯ ಅಳಿವೆಯಲ್ಲಂತೂ ಕುರುಡಿಯಿದೆ.

ಮರಿಗಳು ಬೇಡ ಅಂದದ್ದೇಕೆಂದು ಮೊದಲು ಹೇಳಿಬಿಡುತ್ತೇನೆ. ಜಪಾನಿನಲ್ಲಿ 1925ರಲ್ಲಿ ನಿಮ್ಮಲ್ಲಿಯ ದೊಡ್ಡಬಾಯಿ ಬಾಸನ್ನು ತಂದು ಆಶಿ ಸರೋವರಕ್ಕೆ ಬಿಟ್ಟರು. ಗಾಳದ ಹುಚ್ಚಿನವರ ಕೈಯಿಂದ ಅದು ಕೆರೆಯಿಂದ ಕೆರೆಗೆ ಹಬ್ಬಿತು, ಹೋದಲ್ಲೆಲ್ಲ ಅಲ್ಲಿಯ ಸಣ್ಣ ಮೀನುಗಳನ್ನು ನುಂಗತೊಡಗಿತು. 2005ರ ಹೊತ್ತಿಗೆ ಅದನ್ನು ಸಾಕುವುದನ್ನೂ ಜೀವಂತ ಸಾಗಿಸುವುದನ್ನೂ ನೀರಿಗೆ ಬಿಡುವುದನ್ನೂ ಕಾನೂನು ತಂದು ತಡೆಯಬೇಕಾಯಿತು. ನಮ್ಮ ಕೆರೆಗಳಿಗೆ ಬೇಟೆಯ ಮೀನಿನ ಕೊರತೆಯೇನೂ ಇಲ್ಲ. ಕೊರವ ಮೀನು ಇದೆ, ತಾವರೆ ಎಲೆಯ ಅಂಚಿನಲ್ಲಿ ಗರಿ, ಕೂದಲು ಕಟ್ಟಿದ ಫ್ಲೈ ಬಿದ್ದರೆ ಹಾರಿ ಹಿಡಿಯುತ್ತದೆ. ಆದರೆ ಅದರ ಕೆಂಬಣ್ಣದ ಮರಿಗಳ ಹಿಂಡು ಮೇಲೆ ಆಡುತ್ತಿದ್ದರೆ ಕೆಳಗೆ ಹೆತ್ತವರು ಕಾವಲಿದ್ದಾರೆಂದು ತಿಳಿದು ಮುಂದೆ ನಡೆಯಿರಿ. ಕಾಯುವ ಮೀನನ್ನು ಎತ್ತಿದರೆ ಮರಿಗಳು ಬೇರೆ ಮೀನಿನ ಬಾಯಿಗೆ.

ಈಗ ಕುರುಡಿಯ ವಿಷಯ. ಗೋವಾ, ಕಾರವಾರದ ಕಡೆ ಚೊಣಕ ಅನ್ನುವುದು, ಆಸ್ಟ್ರೇಲಿಯಾದವರು ಬಾರಮಂಡಿ ಅನ್ನುವುದು, ಹೋಟೆಲಿನ ಪಟ್ಟಿಯಲ್ಲಿ ಸೀಬಾಸ್ ಎಂದಿರುವುದು ಎಲ್ಲ ಇದೇ. ಕಾರವಾರದಲ್ಲಿ ಕೇಂದ್ರ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು ಪಂಜರದಲ್ಲಿ ಬೆಳೆಸಿ ತೋರಿಸಿದ್ದೂ ಇದನ್ನೇ. ವಂಶದ ಲೆಕ್ಕದಲ್ಲಿ ನಿಮ್ಮ ಬಾಸಿಗೂ ಇದಕ್ಕೂ ಹತ್ತಿರದ ನೆಂಟಸ್ತಿಕೆಯಿಲ್ಲ, ಸ್ವಭಾವ ಮಾತ್ರ ಅದೇ. ಬೇರಿನ ಸಂದಿಯಲ್ಲೋ ಸೇತುವೆಯ ಕಂಬದ ನೆರಳಲ್ಲೋ ಹೊಂಚಿ ನಿಲ್ಲುತ್ತದೆ. ಬೇಟೆಯನ್ನು ಬೆನ್ನಟ್ಟುವುದು ಕಡಿಮೆ. ಹತ್ತಿರ ಬಂದದ್ದನ್ನು ಬಾಯಿ ತೆರೆದು ನೀರಿನ ಸಮೇತ ಒಳಗೆಳೆದುಕೊಳ್ಳುತ್ತದೆ. ಆಗ ಏಳುವ ‘ಬೊಳಕ್’ ಎಂಬ ಸದ್ದು ಸಂಜೆಯ ಹಿನ್ನೀರಿನಲ್ಲಿ ಬಹುದೂರಕ್ಕೆ ಕೇಳುತ್ತದೆ.

ಹೊನ್ನಾವರದಿಂದ ಸೇತುವೆ ದಾಟಿ ದಕ್ಷಿಣಕ್ಕೆ ಬಂದರೆ ಕಾಸರಕೋಡ. ಪಡುವಣದಲ್ಲಿ ಕಡಲು, 2020ರಲ್ಲಿ ಬ್ಲೂ ಫ್ಲ್ಯಾಗ್ ಮನ್ನಣೆ ಪಡೆದ ಇಕೋ ಬೀಚ್ ಇರುವುದು ಅಲ್ಲೇ. ಮೂಡಣದಲ್ಲಿ ಶರಾವತಿಯ ಹಿನ್ನೀರು, ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವೆ ಜನ ನಡೆದು ನೋಡಲೆಂದು ಕಟ್ಟಿದ ಮರದ ಹಾದಿ. ಸ್ನಾನದವರು, ಮಕ್ಕಳು ಇರುವ ಬೀಚಿನಲ್ಲಿ ಕೋಲು ಬೀಸುವುದು ಸಲ್ಲ. ಇಲ್ಲಿಯ ಟೊಂಕ ಕಡಲತೀರದ ಮರಳಿಗೆ ಚಳಿಗಾಲದ ರಾತ್ರಿ ಕಡಲಾಮೆ ಮೊಟ್ಟೆಯಿಡಲು ಬರುತ್ತದೆ, ಅಲ್ಲಿ ಟಾರ್ಚು ಹಿಡಿದು ಓಡಾಡುವುದೂ ಬೇಡ. ನಿಮ್ಮ ಜಾಗ ಹಿನ್ನೀರಿನದು, ಕಾಂಡ್ಲಾದ ಸಣ್ಣ ತೊರೆಗಳು ಹೊಳೆಗೆ ಬಾಯಿ ಬಿಡುವಲ್ಲಿ.

ನಿಮ್ಮ ಕೆರೆಗಳಲ್ಲಿ ಇಲ್ಲದ ಸಂಗತಿ ಇಲ್ಲಿ ಒಂದಿದೆ, ಭರತ ಮತ್ತು ಇಳಿತ. ಒಂದು ಭರತದಿಂದ ಇನ್ನೊಂದಕ್ಕೆ ಸುಮಾರು ಹನ್ನೆರಡು ಗಂಟೆ ಇಪ್ಪತ್ತೈದು ನಿಮಿಷ, ಹಾಗಾಗಿ ದಿನದಿಂದ ದಿನಕ್ಕೆ ಹೊತ್ತು ಐವತ್ತು ನಿಮಿಷದಷ್ಟು ಮುಂದೆ ಹೋಗುತ್ತದೆ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ನೀರಿನ ಓಟ ಜೋರು. ಭರತದಲ್ಲಿ ಶೆಟ್ಲಿಯೂ (ಸಿಗಡಿ) ಸಣ್ಣ ಮೀನೂ ಕಾಂಡ್ಲಾದ ಬೇರುಗಳ ಒಳಗೆ ಹೋಗಿ ಮೇಯುತ್ತವೆ. ಇಳಿತ ಅರ್ಧವಾದಾಗ ಅಲ್ಲಿ ನಿಲ್ಲಲು ನೀರಿಲ್ಲದೆ ತೊರೆಯ ಬಾಯಿಯಿಂದ ಹೊರಗೆ ಬರಲೇಬೇಕು. ಕುರುಡಿ ಆ ಬಾಯಿಯ ಪಕ್ಕದಲ್ಲೇ, ಓಟದ ನೀರೂ ನಿಂತ ನೀರೂ ಕೂಡುವ ಗೆರೆಯ ಮೇಲೆ, ಹೊಳೆಯ ಕಡೆಯಿಂದ ತೊರೆಗೆ ಮುಖ ಮಾಡಿ ಕಾಯುತ್ತಿರುತ್ತದೆ. ಫ್ಲೈಯನ್ನು ತೊರೆಯ ಒಳಕ್ಕೆ ಎಸೆದು, ನೀರು ಅದನ್ನು ತಾನೇ ಹೊರಗೆ ತರಲು ಬಿಡಿ. ಎರಡು ಸಣ್ಣ ಎಳೆತ, ಒಂದು ನಿಲುಗಡೆ. ಹೆಚ್ಚಿನ ಸಲ ಅದು ಹಿಡಿಯುವುದು ಆ ನಿಲುಗಡೆಯಲ್ಲಿ. ಆಗ ಕೋಲು ಎತ್ತಬೇಡಿ, ಎಡಗೈಯಿಂದ ದಾರವನ್ನೇ ಬಿಗಿಯಾಗಿ ಎಳೆಯಿರಿ. ಎತ್ತಿದರೆ ಕೊಕ್ಕೆ ಗಟ್ಟಿ ಬಾಯಿಗೆ ಕಚ್ಚದೆ ಜಾರುತ್ತದೆ.

ಎಂಟನೇ ನಂಬರಿನ ಕೋಲು ಸಾಕು. ಫ್ಲೈ ದಾರದ ತುದಿಗೆ ಕಟ್ಟುವ ನೈಲಾನಿನ ಕೊನೆಯ ಮೊಳವಾದರೂ ದಪ್ಪವಿರಲಿ. ಕುರುಡಿಯ ಕಿವಿರಿನ ಮುಚ್ಚಳದ ಅಂಚು ಬ್ಲೇಡಿನಷ್ಟು ಹರಿತ, ಮೀನು ಒಮ್ಮೆ ತಲೆ ಕೊಡಹಿದರೆ ತೆಳು ನೈಲಾನು ಕತ್ತರಿಸಿ ಹೋಗುತ್ತದೆ, ಬೆರಳೂ ಜೋಪಾನ. ಫ್ಲೈ ವಿಷಯದಲ್ಲಿ ನಿಮಗೆ ಹೊಸ ಪಾಠವೇನಿಲ್ಲ. ಪೆನ್ಸಿಲ್ವೇನಿಯಾದ ಬಾಬ್ ಕ್ಲೌಸರ್ ಸಸ್ಕ್ವಹಾನಾ ನದಿಯ ಬಾಸಿಗೆಂದು 1980ರ ದಶಕದಲ್ಲಿ ಕಟ್ಟಿದ ಕ್ಲೌಸರ್ ಮಿನ್ನೋ ಇಲ್ಲಿಯೂ ನಡೆಯುತ್ತದೆ. ಲೋಹದ ಎರಡು ಕಣ್ಣಿನ ಭಾರಕ್ಕೆ ಅದು ತಲೆಕೆಳಗಾಗಿ ಇಳಿಯುತ್ತದೆ, ಕೊಕ್ಕೆಯ ಮೊನೆ ಮೇಲೆ ನಿಲ್ಲುತ್ತದೆ, ಕಾಂಡ್ಲಾ ಬೇರಿಗೆ ಸಿಕ್ಕಿಕೊಳ್ಳುವುದು ಕಡಿಮೆ. ಜಿಂಕೆಯ ಬಾಲದ ಕೂದಲ ಬದಲು ಮೇಕೆಯ ಬಿಳಿ ಕೂದಲು, ಹುಂಜದ ಕತ್ತಿನ ಗರಿ ಇಲ್ಲಿ ಸಿಗುತ್ತವೆ. ಬಂದ ಮೇಲೆ ಕೂತು ಕಟ್ಟೋಣ. ಕೊಕ್ಕೆಯ ಮುಳ್ಳನ್ನು ಇಕ್ಕಳದಿಂದ ಒತ್ತಿ ಮಡಚಿಬಿಡಿ. ಸಂಜೆ ಕೋಲು, ರೀಲು ಎರಡನ್ನೂ ಸಿಹಿನೀರಿನಲ್ಲಿ ತೊಳೆಯಿರಿ, ಉಪ್ಪು ಒಂದು ರಾತ್ರಿಯೂ ಸುಮ್ಮನಿರುವುದಿಲ್ಲ.

ಶರಾವತಿಯ ನೀರನ್ನೂ ಅರಿತಿರಬೇಕು. 1964ರಲ್ಲಿ ಲಿಂಗನಮಕ್ಕಿ ಆಣೆಕಟ್ಟು ಆಯಿತು, ಆಮೇಲೆ ಗೇರುಸೊಪ್ಪೆಯದೂ ಆಯಿತು. ವಿದ್ಯುತ್ತಿಗಾಗಿ ಬಿಡುವ ಸಿಹಿನೀರು ಬೇಸಗೆಯಲ್ಲೂ ಅಳಿವೆಗೆ ಬರುತ್ತಿರುವುದರಿಂದ ಇಲ್ಲಿ ಉಪ್ಪು ಏರುವುದು ಕಡಿಮೆ. ಆಣೆಕಟ್ಟಿಲ್ಲದ ಕುಮಟೆಯ ಅಘನಾಶಿನಿಯಲ್ಲಿ ಜನ ಬಳಚು ಎಂಬ ಉಪ್ಪುನೀರಿನ ಚಿಪ್ಪಿಮೀನನ್ನು ದೋಣಿಗಟ್ಟಲೆ ತೆಗೆಯುತ್ತ ಬಂದಿದ್ದಾರೆ; ಶರಾವತಿಯಲ್ಲಿ ಆ ಸಮೃದ್ಧಿ ಇಲ್ಲ. ಅಘನಾಶಿನಿಯ ಅಳಿವೆ 2024ರಲ್ಲಿ ರಾಮ್ಸಾರ್ ತಾಣವೂ ಆಯಿತು. ಕುರುಡಿ ಮಾತ್ರ ಉಪ್ಪುನೀರು, ಸಿಹಿನೀರು ಎರಡಕ್ಕೂ ಒಗ್ಗಿದ ಮೀನು, ಎರಡು ಹೊಳೆಯಲ್ಲೂ ಬಾಳುತ್ತದೆ. ಮಳೆಗಾಲದ ಹೊತ್ತಿಗೆ ಅಳಿವೆಯ ಉಪ್ಪುನೀರಿಗೆ ಇಳಿದು ಮೊಟ್ಟೆಯಿಡುತ್ತದೆ, ಮರಿಗಳು ಭರತದ ಜೊತೆ ಕಾಂಡ್ಲಾ, ಗಜನಿ (ಹಿನ್ನೀರಿನ ಗದ್ದೆ), ತೊರೆಗಳಿಗೆ ಏರಿ ಬೆಳೆಯುತ್ತವೆ. ಕಾಂಡ್ಲಾ ಕಡಿದರೆ ಕುರುಡಿಯ ತೊಟ್ಟಿಲು ಕಡಿದಂತೆ.

ಈ ಪತ್ರದಲ್ಲಿ ಉಳಿದದ್ದೆಲ್ಲ ಮರೆತರೂ ಮುಂದಿನ ಮಾತು ನೆನಪಿಡಿ. ಕುರುಡಿ ಸಾಮಾನ್ಯವಾಗಿ ಗಂಡಾಗಿ ಪ್ರಾಯಕ್ಕೆ ಬರುತ್ತದೆ. ಆರೇಳು ವರ್ಷವಾಗಿ, ಮುಕ್ಕಾಲು ಮೀಟರು ದಾಟಿ ಬೆಳೆದ ಮೇಲೆ ಅದೇ ಮೀನು ಹೆಣ್ಣಾಗುತ್ತದೆ. ಅಂದರೆ ಹೊಳೆಯಲ್ಲಿರುವ ದೊಡ್ಡ ಕುರುಡಿಗಳು ಹೆಚ್ಚುಕಡಿಮೆ ಎಲ್ಲವೂ ತಾಯಂದಿರು, ಒಂದೊಂದೂ ಹತ್ತಾರು ಲಕ್ಷ ಮೊಟ್ಟೆಯಿಡುವಂಥದು. ನಾವು ಫೋಟೋಕ್ಕೆ ಹಂಬಲಿಸುವುದು ಆ ದೊಡ್ಡದಕ್ಕೇ. ಸಣ್ಣದನ್ನು ಹಿಡಿದರೆ ಹೆಣ್ಣಾಗುವ ಮೊದಲೇ ಹಿಡಿದಂತಾಯಿತು, ದೊಡ್ಡದನ್ನು ಹಿಡಿದರೆ ಹೆಣ್ಣನ್ನೇ ಹಿಡಿದಂತಾಯಿತು. ಎರಡು ತುದಿಯಲ್ಲೂ ಕೈಹಾಕಿದರೆ ಯಾವ ಹೊಳೆ ತಾಳೀತು? ಹೊಟ್ಟೆಪಾಡಿಗೆ ಬಲೆ ಬೀಸುವ ಅಂಬಿಗರಿಗೆ, ಖಾರ್ವಿಗಳಿಗೆ, ಹರಿಕಂತ್ರರಿಗೆ ಈ ಮಾತನ್ನು ಹೇಳುವ ಹಕ್ಕು ನನಗಿಲ್ಲ. ಆ ಮೀನಿನ ಮೇಲೆ ಒಂದು ಮನೆಯ ಅನ್ನವಿದೆ. ಸಂತೋಷಕ್ಕಾಗಿ ಹಿಡಿಯುವ ನಮಗೆ ಅಂಥ ಅಗತ್ಯವಿಲ್ಲ, ಬಿಡುವುದು ನಮ್ಮ ಪಾಲಿನ ಕರ್ತವ್ಯ.

ಮೀನನ್ನು ಉಳಿಸಬೇಕೆಂದು ಕಂಡುಕೊಂಡವರು ಹಳೆಯ ಕಾಲದಲ್ಲೂ ಇದ್ದರು. ಮಂಗಳೂರಿನಲ್ಲಿ ಕಲೆಕ್ಟರಾಗಿದ್ದ ಹೆನ್ರಿ ಸಲಿವನ್ ಥಾಮಸ್ 1873ರಲ್ಲಿ ಪ್ರಕಟಿಸಿದ ‘ದ ರಾಡ್ ಇನ್ ಇಂಡಿಯಾ’ ಗಾಳದವರಿಗೆಲ್ಲ ಗೊತ್ತು. ಅದಕ್ಕೂ ಮೊದಲು, 1870ರಲ್ಲಿ, ದಕ್ಷಿಣ ಕನ್ನಡದ ಹೊಳೆಗಳಲ್ಲಿ ಮೀನು ಉಳಿಸಿ ಬೆಳೆಸುವ ಬಗ್ಗೆ ಅವರು ವರದಿ ಬರೆದಿದ್ದರು. ಮರಿಗಳನ್ನೂ ಬಿಡದ ಸಣ್ಣಕಣ್ಣಿನ ಬಲೆ, ನೀರಿಗೆ ಹಾಕುವ ವಿಷ ಇವೇ ಅವರ ಚಿಂತೆ. ಮೀನು ಹಿಡಿಯುವ ಹುಚ್ಚಿದ್ದವರೇ ಮೀನಿನ ಪರವಾಗಿ ನಿಂತರು ಎಂಬುದು ನನಗೆ ದೊಡ್ಡದಾಗಿ ಕಾಣುತ್ತದೆ.

ಬಿಡುವುದಕ್ಕೂ ಕ್ರಮವಿದೆ. ಮೀನನ್ನು ಪೂರ್ತಿ ದಣಿಸದೆ ಬೇಗ ಹತ್ತಿರ ತನ್ನಿ. ಕೈ ಒದ್ದೆ ಮಾಡಿಕೊಂಡು ಹೊಟ್ಟೆಯಡಿ ಆಧಾರ ಕೊಡಿ. ಭಾರದ ಮೀನನ್ನು ದವಡೆಯಲ್ಲಿ ತೂಗಿ ಹಿಡಿಯಬೇಡಿ. ಕೊಕ್ಕೆಯನ್ನು ನೀರಿನಲ್ಲೇ ಬಿಡಿಸಿ. ತಲೆಯನ್ನು ಹರಿವಿಗೆ ಎದುರು ಮಾಡಿ ಹಿಡಿದಿದ್ದರೆ ಕಿವಿರಿಗೆ ನೀರು ತಾಗಿ ತಾನೇ ಚೇತರಿಸಿ ಬಾಲ ಬಡಿಯುತ್ತದೆ. ಊಟಕ್ಕೆ ಬೇಕೇ ಆದರೆ ಪೇಟೆಯಲ್ಲಿ ಮೀನು ಮಾರುವ ಅಮ್ಮನ ಬುಟ್ಟಿಯಿಂದ ಕೊಳ್ಳಿ, ಆ ದುಡ್ಡು ಸೇರಬೇಕಾದಲ್ಲಿ ಸೇರುತ್ತದೆ.

ಇನ್ನೊಂದು ಮಾತು. ಗಜನಿಯ ಒಡ್ಡಿನ ಒಳಗೆ ಮೀನಿನ ಹಕ್ಕನ್ನು ವಹಿಸಿಕೊಂಡವರು ಇರುತ್ತಾರೆ, ಕೇಳದೆ ಅಲ್ಲಿ ದಾರ ಹಾಕಬಾರದು. ಹೊಳೆಯಲ್ಲೂ ಮೊದಲ ದಿನ ಪಾತಿ ದೋಣಿಯ ಒಬ್ಬ ಅಜ್ಜನ ಜೊತೆ ಕೂಲಿ ಮಾತಾಡಿಕೊಂಡು ಹೋಗೋಣ. ಯಾವ ತೊರೆಯ ಬಾಯಲ್ಲಿ ಯಾವ ಪಕ್ಷಕ್ಕೆ ಮೀನು ನಿಲ್ಲುತ್ತದೆ ಎಂಬುದು ಅವರಿಗೆ ಗೊತ್ತು, ಪುಸ್ತಕದಲ್ಲಿ ಸಿಗದು. ಡಿಸೆಂಬರಿಗೆ ಕೆಸರು ತಿಳಿದು ನೀರು ನಿಚ್ಚಳವಾಗಿರುತ್ತದೆ. ಟಿಕೆಟ್ ಆದ ಕೂಡಲೇ ತಾರೀಖು ತಿಳಿಸಿ. ಪಂಚಾಂಗ ನೋಡಿ ಹುಣ್ಣಿಮೆಯ ಹತ್ತಿರದ ದಿನಗಳಿಗೆ ದೋಣಿ ಹೇಳಿಡುತ್ತೇನೆ.



ಇಂತಿ ನಿಮ್ಮ ವಿಶ್ವಾಸಿ