ಕೊನೆಯ ಗುಂಡಿ

ಕಳೆದ ತಿಂಗಳು ಬೆಂಗಳೂರಿನಿಂದ ಹಳೆಯ ವಿದ್ಯಾರ್ಥಿನಿಯೊಬ್ಬಳು ದೂರವಾಣಿ ಮಾಡಿದ್ದಳು. ಅವಳ ಮಗನಿಗೆ ಹದಿಮೂರು ವರ್ಷ. ಕಲಿಕೆಯಲ್ಲಿ ಬಹಳ ಹಿಂದೆ. "ಸಾರ್, ಎಸ್ಸೆಸ್ಸೆಲ್ಸಿ ಹೇಗಾದರೂ ಆಗಲಿ, ಆಮೇಲೆ ಇವನ ಬದುಕು ಹೇಗೆ?" ಎಂದು ಕೇಳಿದಳು. ಆಗ ತೋಚಿದ್ದನ್ನು ಹೇಳಿ ಫೋನಿಟ್ಟೆ. ಆದರೆ ಹೇಳಬೇಕಾದದ್ದನ್ನು ಹೇಳಲಿಲ್ಲವೆಂಬ ಕೊರಗು ಉಳಿಯಿತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಇದರಲ್ಲಿ ನನ್ನದೇ ತಪ್ಪಿನ ಕಥೆಯೂ ಇದೆ.

1992ರಲ್ಲಿ, ತೀರ್ಥಹಳ್ಳಿ ಸೀಮೆಯ ಪ್ರೌಢಶಾಲೆಯೊಂದರಲ್ಲಿ ನಾನು ಗಣಿತ ಕಲಿಸುತ್ತಿದ್ದಾಗ, ಎಂಟನೆಯ ತರಗತಿಗೆ ಒಬ್ಬ ಹುಡುಗ ಬಂದು ಸೇರಿದ. ಹೆಸರು ಬೇಡ, ಆ ತಂಡದವರಿಗೆ ಯಾರೆಂದು ತಿಳಿಯುತ್ತದೆ. ತಂದೆ ತೀರಿಕೊಂಡಿದ್ದರು, ಒಂದೆರಡು ಎಕರೆ ಅಡಿಕೆ ತೋಟ, ತಾಯಿ, ಒಬ್ಬ ಅಣ್ಣ. ಹತ್ತರವರೆಗೆ ಎಣಿಸಬಲ್ಲವನಾಗಿದ್ದ, ತನ್ನ ಹೆಸರು ಬರೆಯಬಲ್ಲವನಾಗಿದ್ದ. ಅದಕ್ಕಿಂತ ಮುಂದೆ ಹೋಗುವುದು ಅವನಿಗೆ ಬೆಟ್ಟ ಹತ್ತಿದಂತೆ. ಇಂಥವರನ್ನು ಊರಿನವರು ‘ದಡ್ಡ’ ಎನ್ನುತ್ತಿದ್ದರು, ಸರ್ಕಾರಿ ಕಾಗದಗಳು ‘ಬುದ್ಧಿಮಾಂದ್ಯ’ ಎನ್ನುತ್ತಿದ್ದವು. ಈಗಿನ ಮಾತು ‘ಬೌದ್ಧಿಕ ಅಸಾಮರ್ಥ್ಯ’.

ನಮ್ಮ ಶಾಲೆ ಅವನನ್ನು ಬಹಳ ಪ್ರೀತಿಯಿಂದ ನೋಡಿಕೊಂಡಿತು. ಸಹಪಾಠಿಗಳು ಅವನ ಚೀಲ ಹೊತ್ತರು, ನೋಟ್ಸ್ ಬರೆದುಕೊಟ್ಟರು, ಬಸ್ಸಿನವರೆಗೆ ಕೈಹಿಡಿದು ಕರೆದೊಯ್ದರು. ಮಧ್ಯಾಹ್ನ ಊಟದ ಡಬ್ಬಿಯ ಮುಚ್ಚಳವನ್ನು ತೆಗೆದುಕೊಡುವವರೂ ಇದ್ದರು. ನಾನೂ ಹಿಂದೆ ಬೀಳಲಿಲ್ಲ. ಕಿರುಪರೀಕ್ಷೆಗಳಲ್ಲಿ 35 ಅಂಕ ಹಾಕಿ ಮುಂದೆ ದೂಡಿದೆ. ಅದನ್ನು ಕರುಣೆಯೆಂದೇ ನಂಬಿದ್ದೆ. 1995ರಲ್ಲಿ ಅವನು ಎಸ್ಸೆಸ್ಸೆಲ್ಸಿಯ ಎಲ್ಲ ವಿಷಯಗಳಲ್ಲಿ ಅನುತ್ತೀರ್ಣನಾಗಿ ಮನೆ ಸೇರಿದ. ಅಂಗವಿಕಲರ ಸಮಾನ ಅವಕಾಶದ ಕಾಯ್ದೆ ಅದೇ ವರ್ಷದ ಕೊನೆಗೆ ಬಂತು. ನಮ್ಮಂಥ ಊರುಗಳಿಗೆ ಅದರ ಸುದ್ದಿ ತಲುಪಲು ವರ್ಷಗಳೇ ಹಿಡಿದವು. (ಆ ಕಾಯ್ದೆಯಲ್ಲಿದ್ದುದು ಏಳೇ ಬಗೆಯ ವೈಕಲ್ಯ. 2016ರ ಕಾಯ್ದೆಯಲ್ಲಿ ಅದು ಇಪ್ಪತ್ತೊಂದಾಯಿತು, ಓದು ಬರಹದ ಕಲಿಕಾ ನ್ಯೂನತೆಯೂ ಸೇರಿತು. ಅಕ್ಷರ ತಿರುವುಮುರುವಾಗಿ ಬರೆಯುತ್ತಾನೆಂದು ನನ್ನಿಂದ ಏಟು ತಿಂದ ಇನ್ನೊಬ್ಬ ಹುಡುಗ ಇಂದು ಕಟ್ಟಡದ ಗುತ್ತಿಗೆದಾರ. ಈ ಸಾಲು ಅವನ ಕಣ್ಣಿಗೆ ಬಿದ್ದರೆ ಕ್ಷಮಿಸಲಿ.)

ಎಂಟು ವರ್ಷಗಳ ನಂತರ ಒಂದು ಮದುವೆಮನೆಯಲ್ಲಿ ಆ ತಾಯಿ ಸಿಕ್ಕರು. ಪಕ್ಕದಲ್ಲಿ ಅವನು. ಎಲೆಯ ಮುಂದೆ ಕುಳಿತಾಗ ಅನ್ನ ಕಲಸಿಕೊಟ್ಟದ್ದು ತಾಯಿಯೇ. ಕೈತೊಳೆದು ಬಂದವರು ನನ್ನನ್ನು ಬದಿಗೆ ಕರೆದು, "ಮೇಷ್ಟ್ರೇ, ನಾನು ಹೋದ ಮೇಲೆ ಇವನಿಗೆ ಅಂಗಿ ಹಾಕುವವರು ಯಾರು?" ಎಂದರು. ಮೂರು ವರ್ಷ ನನ್ನ ಕೈಕೆಳಗಿದ್ದ ಹುಡುಗ. ಬೀಜಗಣಿತದ ತರಗತಿಯಲ್ಲಿ ಕೂರಿಸಿದ್ದೆ. ಗುಂಡಿ ಹಾಕಿಕೊಳ್ಳುತ್ತಾನೆಯೇ ಎಂದು ನೋಡಿರಲಿಲ್ಲ.

ಆ ವರ್ಷವೇ ಸಮನ್ವಯ ಶಿಕ್ಷಣದ ತರಬೇತಿಯೊಂದಕ್ಕೆ ನನ್ನನ್ನು ಕಳುಹಿಸಿದ್ದರು. ಹೆಚ್ಚಿನದೆಲ್ಲ ಮರೆತಿದೆ. ಆದರೆ ವಿಶೇಷ ಶಿಕ್ಷಣ ಓದಿಬಂದ ಒಬ್ಬ ಯುವ ಶಿಕ್ಷಕಿ ಹೇಳಿದ್ದು ಮರೆತಿಲ್ಲ. ಒಂದು ಕೆಲಸವನ್ನು ಸಣ್ಣ ಸಣ್ಣ ಹೆಜ್ಜೆಗಳಾಗಿ ಒಡೆಯಬೇಕು, ಕಲಿಸುವುದನ್ನು ಕೊನೆಯ ಹೆಜ್ಜೆಯಿಂದ ಆರಂಭಿಸಬೇಕು. ಅಂಗಿಯ ಗುಂಡಿಗಳನ್ನೆಲ್ಲ ನಾವು ಹಾಕಿ ಕೊನೆಯದನ್ನು ಮಾತ್ರ ಮಗುವಿಗೆ ಬಿಡುವುದು. ಅದು ಬಂದ ಮೇಲೆ ಕೊನೆಯ ಎರಡು. ಹೀಗೆ ಮಾಡಿದರೆ ಪ್ರತಿ ಸಲವೂ ಕೆಲಸ ಮುಗಿಸಿದ ಸಂತೋಷ ಮಗುವಿನದೇ ಆಗುತ್ತದೆ. ಗಣಿತದ ಮೇಷ್ಟ್ರಾದ ನನಗೆ ಇದು ಉತ್ತರದಿಂದ ಲೆಕ್ಕ ಮಾಡಿದಂತೆ ಕಂಡು ನಗು ಬಂದಿತ್ತು.

ಭಾನುವಾರಗಳಲ್ಲಿ ಅವರ ಮನೆಗೆ ಹೋಗತೊಡಗಿದೆ. ಗುಂಡಿಗೆ ಏಳು ವಾರ ಹಿಡಿಯಿತು. ಅನ್ನ ಕಲಸುವುದಕ್ಕೆ ಏನೂ ಹಿಡಿಯಲಿಲ್ಲ. ಕಲಸಿಕೊಡುವುದನ್ನು ತಾಯಿ ನಿಲ್ಲಿಸಿದ ದಿನವೇ ಕಲಸಿಕೊಂಡ! ಕಷ್ಟವಾದದ್ದು ಹಣ. ಚಿಲ್ಲರೆಯ ಲೆಕ್ಕ ಅವನಿಗೆ ಹತ್ತುವಂತಿರಲಿಲ್ಲ. ಕೊನೆಗೆ ಕಳೆಯುವ ಲೆಕ್ಕವನ್ನೇ ಕೈಬಿಟ್ಟೆವು. ಅಂಗಡಿಯವರು ಮೂವತ್ತೆರಡು ಎಂದರೆ ‘ಮೂರು ಹತ್ತು’ ಎಂದಷ್ಟೇ ಹಿಡಿಯಬೇಕು. ಹತ್ತರ ಮೂರು ನೋಟು, ಮೇಲೆ ಇನ್ನೊಂದು ಕೊಡಬೇಕು, ಉಳಿದದ್ದನ್ನು ಅವರೇ ಕೊಡುತ್ತಾರೆ. ಇಷ್ಟರಿಂದಲೇ ಅವನು ಸಕ್ಕರೆ, ಬೆಂಕಿಪೊಟ್ಟಣ, ತಾಯಿಯ ಮಾತ್ರೆ ತರುವವನಾದ.

ಆಮೇಲೆ ಬಸ್ಸು. ಮನೆಯಿಂದ ಪೇಟೆಗೆ ಒಂಬತ್ತು ಕಿಲೋಮೀಟರ್. ಮೊದಲು ಬಸ್‌ಸ್ಟ್ಯಾಂಡಿನಿಂದ ಔಷಧದಂಗಡಿಯವರೆಗೆ ಮಾತ್ರ ಅವನೊಬ್ಬನೇ. ನಂತರ ಬಸ್ಸಿನಲ್ಲಿ ನಾನು ನಾಲ್ಕು ಸೀಟು ಹಿಂದೆ. ಬೋರ್ಡು ಓದಲು ಬಾರದಿದ್ದರೂ ನಮ್ಮ ಕಡೆಯ ಖಾಸಗಿ ಬಸ್ಸುಗಳನ್ನು ಬಣ್ಣದಿಂದಲೇ ಗುರುತಿಸುತ್ತಿದ್ದ. ಆ ವಿದ್ಯೆಯಲ್ಲಿ ನನಗಿಂತ ಮುಂದು. ಕೊನೆಗೊಂದು ದಿನ ಒಬ್ಬನನ್ನೇ ಹತ್ತಿಸಿದೆವು. ಹಿಂದಿರುಗುವಾಗ ನಿದ್ದೆ ಹೋಗಿ ನಮ್ಮ ನಿಲ್ದಾಣ ದಾಟಿಬಿಟ್ಟ.

ಆ ಸಂಜೆಯನ್ನು ನೆನೆದರೆ ಈಗಲೂ ಎದೆ ನಡುಗುತ್ತದೆ. ಕತ್ತಲಾಯಿತು, ಮಳೆ ಹಿಡಿಯಿತು. ತಾಯಿ ನನ್ನೊಡನೆ ಮಾತಾಡಲಿಲ್ಲ. ಎಂಟು ಗಂಟೆಗೆ ನೆರೆಮನೆಗೆ ಫೋನು ಬಂತು. ಅವನ ಜೇಬಿನಲ್ಲಿ ನಾನು ಇಟ್ಟಿದ್ದ ಚೀಟಿಯನ್ನು ಕಂಡಕ್ಟರಿಗೆ ತಾನಾಗಿಯೇ ತೆಗೆದು ತೋರಿಸಿದ್ದನಂತೆ. ಅದು ಅವನ ಗೆಲುವೆಂದು ಹೇಳುವ ಧೈರ್ಯ ಅಂದು ನನಗೆ ಬರಲಿಲ್ಲ. "ಇಷ್ಟಕ್ಕೆ ಸಾಕು ಮೇಷ್ಟ್ರೇ, ಇದ್ದದ್ದೂ ಹೋಗುವುದು ಬೇಡ" ಎಂದರು ತಾಯಿ. ಎರಡು ತಿಂಗಳು ನಾನು ಆ ಕಡೆ ಹೋಗಲಿಲ್ಲ. ಅವರು ಹೇಳಿದ್ದರಲ್ಲಿ ತಪ್ಪೇನಿತ್ತು? ಅಪಾಯ ಅವರ ಮಗನದು, ಪ್ರಯೋಗ ನನ್ನದು. ಒಂದು ಬೆಳಗ್ಗೆ ಅವನೇ ಅಂಗಿ ತೊಟ್ಟು, ಚೀಟಿ ಜೇಬಿಗಿಟ್ಟು, ರಸ್ತೆಗೆ ಹೋಗಿ ನಿಂತನಂತೆ. ತಾಯಿ ತಡೆಯಲಿಲ್ಲ. ಅಂಗಳದಲ್ಲಿ ನಿಂತು ನೋಡಿದರಂತೆ.

ಇನ್ನೊಂದು ಸಂಗತಿ, ಹೆತ್ತವರಿಗೆ ತಿಳಿದಿರಲೇಬೇಕು. ಮಗನಿಗೆ ಹದಿನೆಂಟು ತುಂಬಿದರೆ ಕಾನೂನಿನ ಕಣ್ಣಿಗೆ ಅವನು ವಯಸ್ಕ. ತಾಯಿಯ ಸಹಿ ಅವನ ಸಹಿಯಾಗದು. ಬೌದ್ಧಿಕ ಅಸಾಮರ್ಥ್ಯ, ಆಟಿಸಂ, ಸೆರೆಬ್ರಲ್ ಪಾಲ್ಸಿ, ಬಹುವೈಕಲ್ಯ ಉಳ್ಳವರಿಗೆ 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ಜಿಲ್ಲಾಧಿಕಾರಿಗಳಿರುವ ಸ್ಥಳೀಯ ಸಮಿತಿ ಪೋಷಕರನ್ನು ನೇಮಿಸಬಹುದು. ಈ ತಾಯಿ ಶಿವಮೊಗ್ಗಕ್ಕೆ ಅಲೆದು ಅಣ್ಣನ ಹೆಸರಿನಲ್ಲಿ ಅದನ್ನು ಮಾಡಿಸಿದರು. ಆದರೂ ಬ್ಯಾಂಕಿನಲ್ಲಿ ಹೆಬ್ಬೆಟ್ಟು ಬೇಡ, ಅವನು ಹೆಸರು ಬರೆಯಬಲ್ಲ ಎಂದು ಹಟ ಹಿಡಿದವರೂ ಅವರೇ.

2014ರಲ್ಲಿ ಅವರು ತೀರಿಕೊಂಡರು. ಹನ್ನೆರಡನೆಯ ದಿನ ಅವನು ತಾನೇ ಸ್ನಾನ ಮಾಡಿ, ತಾನೇ ಅಂಗಿ ತೊಟ್ಟು ಬಂದು ನನ್ನ ಪಕ್ಕದಲ್ಲಿ ಕುಳಿತ.

ಈಗ ಅಣ್ಣನ ಮನೆಯಲ್ಲಿದ್ದಾನೆ. ತೋಟದ ಕೆಲಸ, ವಾರಕ್ಕೊಮ್ಮೆ ಪೇಟೆ. ನೋಟುಗಳನ್ನು ಅವನು ಕಲಿತದ್ದು ಬಣ್ಣದಿಂದ. 2016ರ ನಂತರ ಒಂದೊಂದಾಗಿ ಬಣ್ಣ ಬದಲಾದಾಗ ಎಲ್ಲವನ್ನೂ ಮತ್ತೆ ಕಲಿಸಬೇಕಾಯಿತು. ನೇರಳೆಯ ನೂರರ ನೋಟನ್ನು ಖೋಟಾ ಎಂದು ಬಹಳ ದಿನ ಮುಟ್ಟಲಿಲ್ಲ. ಈಗ ಅಂಗಡಿಗಳಲ್ಲಿ "ಚಿಲ್ಲರೆ ಇಲ್ಲ, ಸ್ಕ್ಯಾನ್ ಮಾಡಿ" ಎನ್ನುತ್ತಾರೆ. ಅವನು ನೋಟು ಹಿಡಿದು ಅಲ್ಲಿಯೇ ನಿಲ್ಲುತ್ತಾನಂತೆ, ತೆಗೆದುಕೊಳ್ಳುವವರೆಗೆ. ಕಳೆದ ವಾರ ನನ್ನ ಮನೆಗೂ ಬಂದಿದ್ದ, ಆರು ನಿಂಬೆಹಣ್ಣು ತಂದಿದ್ದ. ಎಷ್ಟು ಕೊಟ್ಟೆ ಎಂದು ಕೇಳಿದೆ. "ಎರಡು ಹತ್ತು, ಇನ್ನೊಂದು" ಎಂದ. ಚಿಲ್ಲರೆ ಎಲ್ಲಿ ಎಂದರೆ ಜೇಬು ತೋರಿಸಿ ನಕ್ಕ. ಬಸ್ಸಿನ ಹೊತ್ತಾಯಿತೆಂದು ಕಾಫಿಯನ್ನು ಅರ್ಧಕ್ಕೇ ಬಿಟ್ಟು ಎದ್ದ.